ಅಗ್ನಿಶಾಮಕ ಜಲ ಮತ್ತು ಅಪ್ರಮಾದ

ಹನಿ ನೀರಿನಲ್ಲಿಯೂ ಅಪ್ಕಾಯಿಕ ಜೀವವನ್ನು ಕಂಡ ಧರ್ಮ ಜೈನಧರ್ಮ. ನೀರನ್ನು ಸೋಸಿ, ಅಳತೆಯರಿತು ಬಳಸುವುದು ಶ್ರಾವಕನ ನಿತ್ಯಾಚಾರ. ಇಂದು ಅನೇಕ ಶ್ರಾವಕರು ವಾಣಿಜ್ಯ ಕಟ್ಟಡಗಳ ಒಡೆಯರು. ಬಾಡಿಗೆ ಮಳಿಗೆಗಳನ್ನು ಹೊಂದಿರುವ ಬಸದಿ ಟ್ರಸ್ಟುಗಳೂ ಉಂಟು. ಅಲ್ಲಿ ಒಂದು ಧರ್ಮಸೂಕ್ಷ್ಮ ಎದುರಾಗುತ್ತದೆ. ಅಗ್ನಿಶಾಮಕ ಪಂಪು, ಕೊಳವೆಗಳ ಪರೀಕ್ಷೆಯಲ್ಲಿ ಒಳ್ಳೆಯ ನೀರು ಚರಂಡಿ ಸೇರುವುದುಂಟು. ಜಲಜೀವಗಳ ಮೇಲಿನ ಕರುಣೆಯಿಂದ ಆ ಪರೀಕ್ಷೆಯನ್ನೇ ಕೈಬಿಡಬಹುದೇ?

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ನೆಲ, ನೀರು, ಬೆಂಕಿ, ಗಾಳಿಗಳ ನಿಷ್ಫಲ ಬಳಕೆಯನ್ನು ‘ಪ್ರಮಾದಚರ್ಯೆ’ಯೆಂದು ಅನರ್ಥದಂಡಗಳಲ್ಲಿ ಎಣಿಸುತ್ತದೆ. ಗೃಹಸ್ಥನಿಗೆ ಅಲ್ಲಿ ನಿಷಿದ್ಧವಾದುದು ಬಳಕೆಯಲ್ಲ, ಪ್ರಯೋಜನವಿಲ್ಲದ ಬಳಕೆ. ಪ್ರಾಣರಕ್ಷಣೆಗಾಗಿ ನಡೆಯುವ ಪರೀಕ್ಷೆ ನಿಷ್ಫಲವಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಅಗ್ನಿ ದುರಂತದಲ್ಲಿ 9 ಮಂದಿ ಅಸುನೀಗಿದರು. ಹೊಗೆ ತುಂಬಿದ ಬಹುಮಹಡಿ ಕಟ್ಟಡದಲ್ಲಿ ಮನುಷ್ಯ ಎಷ್ಟು ಅಸಹಾಯಕನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಂತಹ ಗಳಿಗೆಯಲ್ಲಿ ಪಂಪು ಓಡದಿದ್ದರೆ, ಹಿಂದೆ ಉಳಿಸಿದ ನೀರು ಯಾರ ಹೊಣೆಯನ್ನೂ ತೊಳೆಯಲಾರದು.

ಹಾಗೆಂದು ನೀರನ್ನು ಹರಿಯಬಿಡುವುದೂ ಸಲ್ಲದು. ಪಂಪಿನ ಪರೀಕ್ಷೆಯ ನೀರನ್ನು ಕೊಳವೆಯ ಮೂಲಕ ಮರಳಿ ತೊಟ್ಟಿಗೇ ಸೇರಿಸಬಹುದು. ಕೊಳವೆಗಳಿಂದ ಬಸಿದುದನ್ನು ಹಿಡಿದಿಟ್ಟು ನೆಲ ತೊಳೆಯಲು ಬಳಸಬಹುದು. ಹೊಸ ನೀರು ಮೊದಲು ಅಗ್ನಿಶಾಮಕ ತೊಟ್ಟಿಯನ್ನು ತುಂಬಿ, ಹೆಚ್ಚಾದದ್ದು ನಿತ್ಯಬಳಕೆಯ ತೊಟ್ಟಿಗೆ ಇಳಿಯುವಂತೆ ಕಟ್ಟಿದರೆ ಮೀಸಲು ನೀರು ನಿಂತು ಕೆಡುವುದಿಲ್ಲ. ಅದನ್ನು ಹೊರಚೆಲ್ಲುವ ಪ್ರಸಂಗವೂ ವಿರಳ. ಕೊಳವೆಗಳ ಒತ್ತಡ ಕಾಯುವ ಜಾಕಿ ಪಂಪು ಪದೇ ಪದೇ ತಾನಾಗಿ ಓಡತೊಡಗಿದರೆ ಸಾಮಾನ್ಯವಾಗಿ ಅದು ಸೋರಿಕೆಯ ಸೂಚನೆ. ಅದನ್ನು ಗಮನಿಸಿ ಸರಿಪಡಿಸುವವನು ಒಂದೇ ಕೆಲಸದಿಂದ ಜನರನ್ನೂ ಜಲವನ್ನೂ ಕಾಯುತ್ತಾನೆ.

ನೀರಿನ ಉಳಿತಾಯಕ್ಕೆ ಸ್ಥಳ ಬೇರೆಯಿದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಅಳವಡಿಸುವುದನ್ನು ಕಡ್ಡಾಯಗೊಳಿಸಿತು. ನೀರಿನೊಡನೆ ಗಾಳಿ ಬೆರೆಸಿ ಹರಿವನ್ನು ತಗ್ಗಿಸುವ ಸಣ್ಣ ಸಾಧನವದು. ಸೋರುವ ನಲ್ಲಿಯನ್ನು ವರ್ಷಗಟ್ಟಲೆ ಸಹಿಸಿಕೊಂಡು, ಪಂಪಿನ ಪರೀಕ್ಷೆಯ ದಿನ ಮಾತ್ರ ಜಲಜೀವಗಳನ್ನು ನೆನೆಯುವವನು ತನ್ನ ಅಂತರಂಗವನ್ನು ಶೋಧಿಸಿಕೊಳ್ಳಬೇಕು. ಅಲ್ಲಿರುವುದು ಕರುಣೆಯೋ, ದುರಸ್ತಿಯ ಖರ್ಚನ್ನು ಉಳಿಸುವ ಲೋಭವೋ? ಲೋಭವೂ ಒಂದು ಕಷಾಯವೇ.

ಅಹಿಂಸೆಯ ಬೇರು ಅಪ್ರಮಾದ. ಟ್ರಸ್ಟಿನ ಸಭೆಯಲ್ಲಿ ಬಾಡಿಗೆಯ ಲೆಕ್ಕದೊಡನೆ ಪಂಪಿನ ಪರೀಕ್ಷೆಯ ದಾಖಲೆಯನ್ನೂ ನೀರಿನ ಲೆಕ್ಕವನ್ನೂ ಓದುವ ರೂಢಿ ಬಂದರೆ, ಆ ಸಭೆಯೂ ವ್ರತಪಾಲನೆಯ ಭಾಗವೇ ಆದೀತು.