ಐದು ಹೆಸರಿನ ಪೂಜೆ



ಕಳೆದ ಅಕ್ಟೋಬರ್ ತಿಂಗಳ ಕೊನೆಯ ವಾರ. ಬೆಳಗಿನ ಪೂಜೆ ಮುಗಿಸಿ ಪೂಜಾವಸ್ತ್ರಗಳನ್ನು ಮಡಿಸಿಡುತ್ತಿದ್ದೆ. ನಮ್ಮ ಯುವಕ ಸಂಘದ ಹುಡುಗನೊಬ್ಬ ಸಂಕೋಚದಿಂದ ಬಂದು ಬಾಗಿಲ ಬಳಿ ನಿಂತ.

"ಫಾದರ್, ಒಂದು ಪೂಜೆ ಕೊಡಬೇಕಿತ್ತು. ತೀರಿಹೋದವರಿಗೆ."

"ಯಾರಿಗಪ್ಪಾ? ನಿಮ್ಮ ತಾತನಿಗಾ?"

"ಅಲ್ಲ ಫಾದರ್. ವಿಚೈ ಅಂತ. ಇಂಗ್ಲೆಂಡಿನ ಲೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ಬಿನ ಯಜಮಾನರು. ಥಾಯ್ಲೆಂಡಿನವರು. ಬೌದ್ಧರು."

ಕಾಣಿಕೆ ಎಣಿಸುತ್ತಾ ಕುಳಿತಿದ್ದ ನಮ್ಮ ಹಿರಿಯ ಉಪದೇಶಿಗಳು ತಲೆ ಎತ್ತಿದರು. "ಅಲ್ಲಪ್ಪಾ, ನಿನ್ನ ತಾತನ ಹೆಸರಲ್ಲಿ ಪೂಜೆ ಕೊಟ್ಟು ಎಷ್ಟು ವರ್ಷ ಆಯ್ತು? ಆ ಕೋಟ್ಯಧಿಪತಿಗೆ ನಿನ್ನ ಪೂಜೆ ಬೇಕಾ?" ಎಂದರು. ಹುಡುಗ ತಲೆ ತಗ್ಗಿಸಿದ.

ಬೌದ್ಧನೊಬ್ಬನಿಗಾಗಿ ಬಲಿಪೂಜೆ ಅರ್ಪಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಸುಲಭ. ಧರ್ಮಸಭೆಯ ಕಾನೂನು ಸಂಹಿತೆಯ 901ನೇ ವಿಧಿಯ ಪ್ರಕಾರ ಬದುಕಿರುವವರಿರಲಿ, ಮೃತರಿರಲಿ, ಯಾರಿಗಾಗಿಯಾದರೂ ಪೂಜೆ ಅರ್ಪಿಸಲು ಗುರುವಿಗೆ ಸ್ವಾತಂತ್ರ್ಯವಿದೆ. ಆದರೆ ಉಪದೇಶಿಗಳ ಮಾತಿನಲ್ಲಿ ಇನ್ನೊಂದು ಪ್ರಶ್ನೆಯಿತ್ತು. ನಾವು ಎಂದೂ ನೋಡದ, ನಮ್ಮನ್ನು ಎಂದೂ ನೋಡದ ಒಬ್ಬ ಸಿರಿವಂತನಿಗಾಗಿ ಅಳುವುದು ನಿಜವಾದ ದುಃಖವೇ?

ನಿಮ್ಮಲ್ಲಿ ಅನೇಕರಿಗೆ ಈ ಕಥೆ ತಿಳಿದಿರಲಾರದು. ವಿಚೈ ಶ್ರೀವದ್ಧನಪ್ರಭ ಥಾಯ್ಲೆಂಡಿನ ವಿಮಾನ ನಿಲ್ದಾಣಗಳಲ್ಲಿ ಸುಂಕವಿಲ್ಲದ ಅಂಗಡಿಗಳನ್ನು ನಡೆಸಿ ಅಪಾರ ಹಣ ಗಳಿಸಿದವರು. 2010ರಲ್ಲಿ ಅವರ ನೇತೃತ್ವದ ಗುಂಪು ಲೆಸ್ಟರ್ ಕ್ಲಬ್ಬನ್ನು ಕೊಂಡಾಗ ಅದು ಎರಡನೆಯ ದರ್ಜೆಯಲ್ಲಿ ಆಡುತ್ತಿತ್ತು. 1884ರಲ್ಲಿ ಹುಟ್ಟಿದ ಆ ಕ್ಲಬ್ ಒಮ್ಮೆಯೂ ಇಂಗ್ಲೆಂಡಿನ ಅಗ್ರ ಪ್ರಶಸ್ತಿ ಗೆದ್ದಿರಲಿಲ್ಲ. 2014ರಲ್ಲಿ ಮೇಲಿನ ದರ್ಜೆಗೆ ಏರಿತು, ಮರುವರ್ಷ ಕೆಳಗೆ ಬೀಳುವುದರಿಂದ ಕೂದಲೆಳೆಯಲ್ಲಿ ಪಾರಾಯಿತು. 2015-16ರ ಋತು ಆರಂಭವಾದಾಗ ಲೆಸ್ಟರ್ ಗೆಲ್ಲುತ್ತದೆಂದು ಬಾಜಿ ಕಟ್ಟುವವರಿಗೆ ಒಂದಕ್ಕೆ 5000 ಕೊಡುತ್ತೇವೆ ಎಂದು ಬಾಜಿ ಅಂಗಡಿಯವರು ನಕ್ಕಿದ್ದರು. 2016ರ ಮೇ 2ರಂದು ಆ ತಂಡ ಚಾಂಪಿಯನ್ ಆಯಿತು.

2018ರ ಅಕ್ಟೋಬರ್ 27ರ ಶನಿವಾರ ವೆಸ್ಟ್ ಹ್ಯಾಮ್ ವಿರುದ್ಧದ ಆಟ 1-1ರಲ್ಲಿ ಮುಗಿಯಿತು. ವಾಡಿಕೆಯಂತೆ ವಿಚೈ ಮೈದಾನದ ಮಧ್ಯದಿಂದಲೇ ಹೆಲಿಕಾಪ್ಟರ್ ಏರಿದರು. ಕ್ರೀಡಾಂಗಣದ ಚಾವಣಿ ದಾಟಿದ ಕೂಡಲೇ ಅದು ಹತೋಟಿ ತಪ್ಪಿ ಪಕ್ಕದಲ್ಲೇ ಬಿದ್ದು ಉರಿಯಿತು. ಓಡಿಬಂದ ಇಬ್ಬರು ಪೊಲೀಸರು ಗಾಜು ಒಡೆಯಲು ಹೆಣಗಾಡಿದರೂ ಬೆಂಕಿ ಅವರನ್ನು ಹಿಂದಕ್ಕಟ್ಟಿತು. ಬಾಲದ ರೆಕ್ಕೆಯ ನಿಯಂತ್ರಣ ಯಂತ್ರ ಕೆಟ್ಟಿತ್ತು, ಚಾಲಕನ ಕೈಯಲ್ಲಿ ಏನೂ ಇರಲಿಲ್ಲ ಎಂದು 2023ರಲ್ಲಿ ತನಿಖೆಯ ಅಂತಿಮ ವರದಿ ಹೇಳಿತು.

ಮಾರನೆಯ ಬೆಳಗಿನಿಂದ ಕ್ರೀಡಾಂಗಣದ ಹೊರಗೆ ಹೂವಿನ ರಾಶಿ ಬೆಳೆಯತೊಡಗಿತು. ನೀಲಿ ಅಂಗಿಗಳು, ಕೊರಳವಸ್ತ್ರಗಳು, ಮಕ್ಕಳು ಕೈಯಾರೆ ಬರೆದ ಚೀಟಿಗಳು. ಗುಜರಾತಿ ಮೂಲದ ಹಿಂದೂಗಳು ಬಹಳಷ್ಟಿರುವ ಊರದು. ಹೂವುಗಳ ನಡುವೆ ಯಾರೋ ಗಣೇಶನ ಚಿತ್ರವನ್ನೂ ಇಟ್ಟಿದ್ದರು. ಬೌದ್ಧ ಸನ್ಯಾಸಿಗಳು ಬಂದು ಪ್ರಾರ್ಥಿಸಿದರು. ವಾರ ಕಳೆದು ನವೆಂಬರ್ 3ರಂದು, ಅಂದರೆ ನಾವು ಸಕಲ ಮೃತರನ್ನು ಸ್ಮರಿಸುವ ದಿನದ ಮರುದಿನ, ತಂಡ ಕಾರ್ಡಿಫ್‌ನಲ್ಲಿ ಆಡಿತು. ಒಂದೇ ಗೋಲು ಬಂತು. ಅದನ್ನು ಹೊಡೆದ ಡಿಮಾರಾಯ್ ಗ್ರೇ ಅಂಗಿ ಕಳಚಿ, ಒಳಗಿನ ಅಂಗಿಯ ಮೇಲೆ ಬರೆದಿದ್ದ ವಿಚೈಯವರ ಹೆಸರನ್ನು ತೋರಿಸಿದ. ಅಂಗಿ ಕಳಚಿದರೆ ಹಳದಿ ಕಾರ್ಡ್ ಎಂಬುದು ಆಟದ ನಿಯಮ. ರೆಫರಿ ಕೊಟ್ಟ, ಹುಡುಗ ತೆಗೆದುಕೊಂಡ. ನನಗೇಕೋ ಆ ಇಬ್ಬರೂ ಸರಿ ಮಾಡಿದರೆನಿಸುತ್ತದೆ.

ಈಗ ಪ್ರಶ್ನೆಗೆ ಬರೋಣ. ಅಪರಿಚಿತನಿಗಾಗಿ ದುಃಖ ಸಾಧ್ಯವೇ? 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್‌ರು ತೀರಿಕೊಂಡ ಸುದ್ದಿ ಬಂದಾಗ ನಿಮ್ಮಲ್ಲಿ ಎಷ್ಟು ಜನ ಕಣ್ಣೊರೆಸಿಕೊಂಡಿರಿ? ನಮ್ಮಲ್ಲಿ ಹೆಚ್ಚಿನವರು ಅವರನ್ನು ದೂರದಿಂದಲೂ ಕಂಡವರಲ್ಲ. ಆದರೂ ಅದು ನಟನೆಯಾಗಿರಲಿಲ್ಲ. ಒಬ್ಬರು ನಮ್ಮ ಬದುಕಿನೊಳಗೆ ಕಾಲಿಡಲು ನಮ್ಮ ಮನೆಯ ಹೊಸ್ತಿಲನ್ನೇ ತುಳಿಯಬೇಕೆಂದಿಲ್ಲ.

ಆದರೆ ಉಪದೇಶಿಗಳ ಆಕ್ಷೇಪಣೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪೋಪ್ ಜಗದ್ಗುರುಗಳು, ಈತನಾದರೋ ವ್ಯಾಪಾರಿ. ಹಣ ಕೊಟ್ಟು ಕ್ಲಬ್ಬನ್ನು ಕೊಂಡಂತೆ ಜನರ ಪ್ರೀತಿಯನ್ನೂ ಕೊಂಡುಕೊಂಡರೇ? ಕ್ಲಬ್ಬಿಗೆ ಕೊಟ್ಟಿದ್ದ 10 ಕೋಟಿ ಪೌಂಡಿಗೂ ಮೀರಿದ ಸಾಲವನ್ನು ಹಿಂದಕ್ಕೆ ಕೇಳದೆ ಬಂಡವಾಳವಾಗಿ ಪರಿವರ್ತಿಸಿದರು. ಮಕ್ಕಳ ಆಸ್ಪತ್ರೆಗೆಂದು 20 ಲಕ್ಷ ಪೌಂಡ್ ಕೊಟ್ಟರು. ಆದರೆ ಅಭಿಮಾನಿಗಳು ಮತ್ತೆ ಮತ್ತೆ ನೆನೆಯುವುದು ಈ ದೊಡ್ಡ ಮೊತ್ತಗಳನ್ನಷ್ಟೇ ಅಲ್ಲ. ತಮ್ಮ ಹುಟ್ಟುಹಬ್ಬಕ್ಕೆ ಕ್ರೀಡಾಂಗಣದಲ್ಲಿ ಬಂದವರಿಗೆಲ್ಲ ಒಂದು ಬಿಯರ್, ಒಂದು ಸಿಹಿ ಡೋನಟ್ ಕೊಡಿಸಿದ್ದನ್ನು ನೆನೆಯುತ್ತಾರೆ. ಅರವತ್ತು ತುಂಬಿದಾಗ ಅರವತ್ತು ಮಂದಿಗೆ ಇಡೀ ಋತುವಿನ ಟಿಕೆಟನ್ನು ಉಚಿತವಾಗಿ ಕೊಟ್ಟದ್ದನ್ನು ನೆನೆಯುತ್ತಾರೆ. ಅಷ್ಟು ಹಣವಿದ್ದವರಿಗೆ ಇದೇನು ಮಹಾ? ಬಡ ವಿಧವೆಯ ಎರಡು ಕಾಸಿನ ಮುಂದೆ ಇದನ್ನಿಟ್ಟು ತೂಗಿದರೆ ತಟ್ಟೆ ಯಾವ ಕಡೆ ವಾಲುತ್ತದೆಂದು ಯೇಸುಸ್ವಾಮಿ ನಮಗೆ ಮೊದಲೇ ತಿಳಿಸಿದ್ದಾರೆ.

ಸಂತ ತೋಮಸ್ ಅಕ್ವಿನಾಸರು ಕೃತಜ್ಞತೆಯ ಬಗ್ಗೆ ಬರೆಯುವಾಗ ಇದೇ ಗಂಟನ್ನು ಬಿಡಿಸಲು ನೋಡುತ್ತಾರೆ. ಉಪಕಾರವನ್ನು ಅಳೆಯಬೇಕಾದದ್ದು ಕೊಟ್ಟ ವಸ್ತುವಿನಿಂದಲ್ಲ, ಕೊಟ್ಟವನ ಮನಸ್ಸಿನಿಂದ ಎನ್ನುತ್ತಾರೆ. ಹಾಗಾದರೆ ಎಲ್ಲವೂ ಇದ್ದ ಸಿರಿವಂತನಿಗೆ ನಾವು ಹಿಂದಿರುಗಿಸುವುದೇನು? ಗೌರವ ಮತ್ತು ಮರ್ಯಾದೆ, ಅದನ್ನು ಬಡವನೂ ಕೊಡಬಲ್ಲ ಎಂಬುದು ಅವರ ಉತ್ತರ. ಸೆಮಿನರಿಯಲ್ಲಿ ಇದನ್ನು ಓದಿದಾಗ ನನಗೆ ಒಣ ತರ್ಕವೆನಿಸಿತ್ತು. ಆ ಹೂವಿನ ರಾಶಿಯ ಚಿತ್ರ ನೋಡಿದಾಗ ಅರ್ಥವಾಯಿತು.

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯವನ್ನು ತೆರೆದು ನೋಡಿ. ಯೊಪ್ಪದಲ್ಲಿ ತಬಿಥಾ ತೀರಿಕೊಂಡಾಗ ವಿಧವೆಯರು ಪೇತ್ರನ ಸುತ್ತ ನಿಂತು ಅಳುತ್ತಾ, ಆಕೆ ತಮಗೆ ಹೊಲಿದುಕೊಟ್ಟಿದ್ದ ಬಟ್ಟೆಗಳನ್ನು ಎತ್ತಿ ಎತ್ತಿ ತೋರಿಸುತ್ತಾರೆ. ಅವರು ಬಟ್ಟೆಯ ಬೆಲೆ ಹೇಳಲಿಲ್ಲ. ನಮ್ಮನ್ನೂ ಲೆಕ್ಕಕ್ಕೆ ತೆಗೆದುಕೊಂಡವಳೊಬ್ಬಳಿದ್ದಳು ಎಂದು ಹೇಳುತ್ತಿದ್ದರು. ಲೆಸ್ಟರಿನವರು ಅಂಗಿಗಳನ್ನು ತಂದಿಟ್ಟದ್ದೂ ಹೀಗೆಯೇ ಇರಬೇಕು.

ಆದರೆ ಕೊಟ್ಟವನ ಮನಸ್ಸನ್ನು ಬಲ್ಲವರಾರು? ಆ ಸಂಪತ್ತು ಸರ್ಕಾರಿ ಗುತ್ತಿಗೆಯಿಂದ ಬಂದದ್ದೆಂದು ಥಾಯ್ಲೆಂಡಿನಲ್ಲಿ ಪ್ರಶ್ನಿಸಿದವರಿದ್ದಾರೆ. ಪ್ರಶಸ್ತಿ ಗೆಲ್ಲಿಸಿಕೊಟ್ಟ ತರಬೇತುದಾರ ಕ್ಲಾಡಿಯೊ ರಾನಿಯೇರಿಯವರನ್ನು ಒಂಬತ್ತೇ ತಿಂಗಳಲ್ಲಿ, 2017ರ ಫೆಬ್ರುವರಿಯಲ್ಲಿ, ಮನೆಗೆ ಕಳುಹಿಸಿದ್ದು ಇದೇ ಯಜಮಾನರ ಕ್ಲಬ್ಬು. ಅಂದು ಬೇಸರಗೊಂಡ ಅಭಿಮಾನಿಗಳೇ ಮರುವರ್ಷ ಹೂವು ತಂದರು. ಮುಂದೆ ಮಗನ ಆಡಳಿತದಲ್ಲಿ ತಂಡ 2023ರಲ್ಲಿ ಕೆಳಗಿನ ದರ್ಜೆಗೆ ಬಿತ್ತು, 2024ರಲ್ಲಿ ಎದ್ದಿತು, 2025ರಲ್ಲಿ ಮತ್ತೆ ಬಿತ್ತು. ಕಹಿ ದಿನಗಳಲ್ಲಿ ಸತ್ತವರು ಇನ್ನಷ್ಟು ಒಳ್ಳೆಯವರಾಗಿ ಕಾಣುವುದು ಲೋಕರೂಢಿ.

ಇಲ್ಲಿಯೇ ನಮ್ಮ ಧರ್ಮಸಭೆಯ ಜಾಣ್ಮೆಯನ್ನು ಗಮನಿಸಿ. ಅಂತ್ಯಕ್ರಿಯೆಯ ಪೂಜೆಯಲ್ಲಿ ಪ್ರಬೋಧನೆ ಇರಬೇಕು, ಮೃತನ ಗುಣಗಾನ ಭಾಷಣ ಇರಬಾರದು ಎಂಬುದು ಪೂಜಾವಿಧಿಯ ನಿಯಮ. ಅನೇಕ ಕುಟುಂಬಗಳಿಗೆ ಇದರಿಂದ ನನ್ನ ಮೇಲೆ ಮುನಿಸಿದೆ, ಗೊತ್ತು. ಆದರೆ ಯೋಚಿಸಿ: ಹೊಗಳಬೇಕಾದರೆ ಆತ ಒಳ್ಳೆಯವನೆಂದು ನಾವು ಸಾಧಿಸಬೇಕು, ಕೆಲವನ್ನು ಮುಚ್ಚಬೇಕು. ಪ್ರಾರ್ಥಿಸಲು ಅದೇನೂ ಬೇಕಿಲ್ಲ. ಮೃತರಿಗಾಗಿ ಪ್ರಾರ್ಥಿಸುವವನು ಪ್ರಮಾಣಪತ್ರ ಕೊಡುವುದಿಲ್ಲ. ಮನಸ್ಸನ್ನು ಬಲ್ಲ ದೇವರ ಕೈಗೆ ಒಪ್ಪಿಸುತ್ತಾನೆ. ಕೃತಜ್ಞತೆ ಇರುವವನು ಕುರುಡನಾಗಬೇಕಿಲ್ಲ.

ಪ್ರಸಂಗವಶಾತ್ ಒಂದು ಮಾತು. ಫುಟ್‌ಬಾಲ್ ಕ್ಲಬ್ ಎಂದರೆ ಹಣದವರ ಆಟವೆಂದು ಮೂಗು ಮುರಿಯುವವರಿಗೆ ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ ತಿಳಿದಿರಲಿ. 1887ರಲ್ಲಿ ಸಂತ ಮರಿಯಳ ಚರ್ಚಿನ ಸಭಾಂಗಣದಲ್ಲಿ ಅದನ್ನು ಹುಟ್ಟುಹಾಕಿದವರು ವಾಲ್‌ಫ್ರಿಡ್ ಎಂಬ ಮಾರಿಸ್ಟ್ ಸಹೋದರರು. ಬಡ ಮಕ್ಕಳ ಊಟಕ್ಕೆ ಹಣ ಕೂಡಿಸುವುದೇ ಉದ್ದೇಶ. ಹತ್ತು ವರ್ಷದೊಳಗೆ ಅದು ಷೇರುದಾರರ ಕಂಪನಿಯಾಯಿತು, ಅದು ಬೇರೆ ಮಾತು.

ಹುಡುಗನ ವಿಷಯಕ್ಕೆ ಬರುತ್ತೇನೆ. "ಸರಿ, ಪೂಜೆ ಮಾಡೋಣ. ಆ ಹೆಲಿಕಾಪ್ಟರಿನಲ್ಲಿ ಇನ್ನು ಯಾರಿದ್ದರು?" ಎಂದು ಕೇಳಿದೆ.

"ಇನ್ನೂ ನಾಲ್ಕು ಜನ ಫಾದರ್."

"ಅವರ ಹೆಸರು?"

ಅವನಿಗೆ ಗೊತ್ತಿರಲಿಲ್ಲ. ಪ್ರಶಸ್ತಿ ಗೆದ್ದ ಹನ್ನೊಂದು ಆಟಗಾರರ ಹೆಸರನ್ನು ನಿದ್ದೆಯಲ್ಲೂ ಹೇಳಬಲ್ಲ ಹುಡುಗ. ನನಗೂ ಗೊತ್ತಿರಲಿಲ್ಲವೆನ್ನಿ. ಯಜಮಾನರ ಸಿಬ್ಬಂದಿಯ ಇಬ್ಬರು, ಚಾಲಕ, ಮತ್ತು ಆತನ ಜೀವನಸಂಗಾತಿ, ಆಕೆಯೂ ಚಾಲಕಿಯೇ. ಅದೇ ಬೆಂಕಿ, ಅದೇ ಗಳಿಗೆ. ಕ್ಲಬ್ಬು ಐವರನ್ನೂ ಸ್ಮರಿಸಿತು, ನಿಜ. ಆದರೆ ದೂರದೇಶದ ನಮ್ಮವರೆಗೆ ತಲುಪಿದ್ದು ಒಂದೇ ಹೆಸರು. 2022ರಲ್ಲಿ ಕ್ರೀಡಾಂಗಣದ ಬಳಿ ನಿಂತ ಪ್ರತಿಮೆಯೂ ಒಬ್ಬರದೇ.

ಲೆಸ್ಟರನ್ನು ದೂರಲು ನನಗೆ ಬಾಯಿಲ್ಲ. ನಮ್ಮ ದೇವಾಲಯದ ಬೆಂಚುಗಳನ್ನು ನೋಡಿ, ಫ್ಯಾನುಗಳನ್ನು ನೋಡಿ, ದಾನಿಗಳ ಹೆಸರಿಲ್ಲದ ವಸ್ತು ಯಾವುದಿದೆ? ಟ್ಯೂಬ್‌ಲೈಟಿನ ಮೇಲೂ ಹೆಸರು ಬರೆಸಿ, ಅರ್ಧ ಬೆಳಕನ್ನು ಹೆಸರೇ ನುಂಗಿರುವುದನ್ನು ಕಂಡಿದ್ದೇನೆ. ಗಂಟೆಗೋಪುರಕ್ಕೆ ಹಣ ಕೊಟ್ಟವರು ತೀರಿಕೊಂಡಾಗ ಆರು ಮಂದಿ ಗುರುಗಳು ಬಂದೆವು, ರಸ್ತೆಯವರೆಗೆ ಜನ. ಮೂವತ್ತು ವರ್ಷ ಆ ಗಂಟೆ ಹೊಡೆದವರು ತೀರಿಕೊಂಡ ಮಳೆಗಾಲದ ದಿನ ಪೆಟ್ಟಿಗೆ ಹೊರಲು ಜನ ಸಾಲದೆ ನಾನೂ ಹೆಗಲು ಕೊಟ್ಟೆ. ಅಂದಿನ ಪ್ರಬೋಧನೆಯನ್ನು ಐದು ನಿಮಿಷದಲ್ಲಿ ಮುಗಿಸಿದ್ದೆ. ಮಳೆ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ.

ಮರುದಿನ ಸಂಜೆ ಹುಡುಗ ಒಂದು ಹಾಳೆ ತಂದ. ಐದೂ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದ. ಆ ನಾಲ್ವರ ಹೆಸರನ್ನು ಇಲ್ಲಿ ಅಚ್ಚು ಹಾಕಿಸುವುದಿಲ್ಲ, ಅವರು ಪತ್ರಿಕೆಗಳಿಗಾಗಿ ಬದುಕಿದವರಲ್ಲ. ಪೀಠದ ಮುಂದೆ ಹೇಳಿದ್ದೇವೆ. ಕೆಳಗೆ ಬೇರೆ ಶಾಯಿಯಲ್ಲಿ ಅವನ ತಾತನ ಹೆಸರೂ ಇತ್ತು. ಉಪದೇಶಿಗಳ ಮಾತಿಗೆ ಹೆದರಿ ಸೇರಿಸಿದೆಯಾ ಎಂದು ಕೇಳಿದೆ.

"ಇಲ್ಲ ಫಾದರ್. ಆ ವರ್ಷ ಆಟ ಎಲ್ಲ ತಾತನ ಜೊತೆ ಕೂತೇ ನೋಡಿದ್ದು. ತಾತನಿಗೆ ನಿದ್ದೆ ಬರ್ತಿರಲಿಲ್ಲ, ಮಂಡಿನೋವು. ಗೆದ್ದ ರಾತ್ರಿ ನನ್ನನ್ನ ಎಬ್ಬಿಸಿದ್ದೇ ಅವರು."

ಉಪದೇಶಿಗಳು ಏನೂ ಹೇಳಲಿಲ್ಲ. ಪೂಜೆಯ ದಿನ ಹೆಸರುಗಳನ್ನು ಓದಿದವರು ಅವರೇ. ಥಾಯ್ ಹೆಸರುಗಳಲ್ಲಿ ಎರಡು ಕಡೆ ತಡವರಿಸಿ, ನಿಂತು, ಮತ್ತೆ ಮೊದಲಿನಿಂದ ಓದಿದರು. ಪೂಜೆಯ ಪುಸ್ತಕದ ಅಂಕಣದಲ್ಲಿ ಅಷ್ಟು ಉದ್ದದ ಹೆಸರುಗಳಿಗೆ ಜಾಗವಿಲ್ಲ. ಮುಂದಿನ ಪುಟಕ್ಕೂ ಹರಿಸಿ ಬರೆದಿದ್ದೇನೆ.