ಬೀಡಿ ಬಿಡುವವನೂ ಸ್ಥಿತೀಕರಣವೂ

ಬೀಡಿ, ಸಿಗರೇಟು ಬಿಡುವ ಕೆಲಸ ಯಾರದು ಎಂಬ ಪ್ರಶ್ನೆಗೆ ಉತ್ತರ ಮೇಲುನೋಟಕ್ಕೆ ಸುಲಭ. ಸೇದಿದವನೇ ಬಿಡಬೇಕು. ಗಂಡನ ಬದಲು ಹೆಂಡತಿ ಬಿಡಲಾಗದು, ಮಗನ ಬದಲು ತಾಯಿ ಬಿಡಲಾಗದು. ಆದರೆ ಯಾರಿಗೂ ಹೇಳದೆ ಮನಸ್ಸಿನೊಳಗೇ ಮಾಡಿಕೊಂಡ ನಿಶ್ಚಯಗಳಲ್ಲಿ ಹೆಚ್ಚಿನವು ಮೊದಲ ವಾರ ದಾಟುವುದಿಲ್ಲ. ಅದೇ ಮನುಷ್ಯ ನಾಲ್ಕು ಜನರ ಎದುರು ಹೇಳಿ, ಆ ನಾಲ್ಕು ಜನರೂ ಅವನ ಮಾತನ್ನು ಕಾಯಲು ನಿಂತರೆ, ನಿಲ್ಲುವ ಸಾಧ್ಯತೆ ಬೆಳೆಯುತ್ತದೆ. ಹಾಗಾದರೆ ಅವನ ತ್ಯಾಗದಲ್ಲಿ ಆ ನಾಲ್ವರ ಪಾಲು ಎಷ್ಟು? ಅವರ ಪಾಲು ಹೆಚ್ಚಿದಷ್ಟೂ ಅವನ ಪುರುಷಾರ್ಥ ಕಡಿಮೆಯಾಗುತ್ತದೆಯೇ? ಇದು ವೈದ್ಯರ ಪ್ರಶ್ನೆಗಿಂತ ಮೊದಲು ಧರ್ಮದ ಪ್ರಶ್ನೆ.

ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳದ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ಹರಿತವಿದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ದೇವರು ಮಂಜುನಾಥ, ಪೂಜೆ ಮಾಡುವವರು ಮಾಧ್ವ ಬ್ರಾಹ್ಮಣರು, ಕ್ಷೇತ್ರದ ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳಿವೆ. 1430ರ ಸಾವಿರ ಕಂಬದ ಬಸದಿ ಅವುಗಳಲ್ಲಿ ಹಿರಿದು. ಬಂಟ್ವಾಳದ ಹಳ್ಳಿಗಳಲ್ಲಿ ಮಸೀದಿ, ಇಗರ್ಜಿ, ಅಯ್ಯಪ್ಪ ಭಜನಾ ಮಂದಿರಗಳು ಕೂಗಳತೆಯಲ್ಲಿವೆ. ಅದರ ಜೊತೆಗೆ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರೂ ಇದ್ದಾರೆ.

ತಂಬಾಕಿನ ಬಗ್ಗೆ ಪ್ರಾಚೀನ ಶಾಸ್ತ್ರದಲ್ಲಿ ನೇರ ಮಾತು ಹುಡುಕಿದರೆ ಸಿಗದು, ಏಕೆಂದರೆ ಗಿಡವೇ ಇಲ್ಲಿಯದಲ್ಲ. ಅಮೆರಿಕದಿಂದ ಪೋರ್ಚುಗೀಸರ ಹಡಗು ಹತ್ತಿ ಅದು ಪಶ್ಚಿಮ ಕರಾವಳಿಗೆ ಬಂತು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತ ಅಸದ್ ಬೇಗ್ ಅದನ್ನು ಮೊಗಲ್ ಆಸ್ಥಾನಕ್ಕೆ ಒಯ್ದದ್ದು ನಮ್ಮ ವಿಜಾಪುರದಿಂದ. 1617ರಲ್ಲಿ ಜಹಾಂಗೀರ್ ನಿಷೇಧಿಸಿ ನೋಡಿದ; ಫಲವಾಗಲಿಲ್ಲ. ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ ಎಂದು ಜೈನರು ಎಣಿಸುವ ಸಪ್ತವ್ಯಸನಗಳಲ್ಲಿ ಹೊಗೆಸೊಪ್ಪಿಲ್ಲ. ಆದರೆ ಆ ಪಟ್ಟಿಯ ತಲೆಬರಹವಾದ ‘ವ್ಯಸನ’ ಎಂಬ ಪದವೇ ಇಲ್ಲಿ ಸಾಕು. ಯಾವುದು ಮನುಷ್ಯನನ್ನು ಅವನ ಹಿತದಿಂದ ಆಚೆಗೆ ಎಸೆಯುತ್ತದೋ ಅದು ವ್ಯಸನ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಕೈ ಬೀಡಿಕಟ್ಟನ್ನು ತಡಕುವಾಗ ಆ ಎಸೆತ ಎಷ್ಟು ದೂರ ಹೋಗಿದೆ ಎಂಬುದು ಸೇದುವವನಿಗೇ ಗೊತ್ತಿರುತ್ತದೆ.

ಗೊತ್ತಿದ್ದೂ ಮಾಡುವುದು ಏಕೆ? ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುವುದು ಇದನ್ನೇ: ಇಷ್ಟವಿಲ್ಲದಿದ್ದರೂ ಯಾರೋ ಬಲವಂತವಾಗಿ ದೂಡಿದಂತೆ ಮನುಷ್ಯ ಪಾಪಕ್ಕೆ ಇಳಿಯುವುದು ಯಾವುದರಿಂದ? ಕೃಷ್ಣನ ಉತ್ತರ ಕಾಮ ಮತ್ತು ಕ್ರೋಧ. ಆರನೆಯ ಅಧ್ಯಾಯದಲ್ಲಿ ಅದೇ ಕೃಷ್ಣ ತನ್ನನ್ನು ತಾನೇ ಮೇಲೆತ್ತಿಕೊಳ್ಳಬೇಕು ಎನ್ನುತ್ತಾನೆ. ದೂಡುವ ಬಲ ಒಳಗೇ ಇದೆ, ಎತ್ತುವ ಕೈಯೂ ಒಳಗಿನದೇ. ಎರಡೂ ಒಂದೇ ದೇಹದಲ್ಲಿರುವಾಗ ಗೆಲ್ಲುವುದು ಯಾವುದು ಎಂಬಲ್ಲಿ ದರ್ಶನಗಳು ಬೇರೆಬೇರೆ ದಾರಿ ಹಿಡಿಯುತ್ತವೆ.

ಜೈನ ದರ್ಶನದಲ್ಲಿ ಕರ್ಮ ಕಟ್ಟಿಕೊಂಡವನೇ ಅದನ್ನು ಕಳೆಯಬೇಕು. ಬೇರೆಯವರ ಪುಣ್ಯ ಎರವಲು ಸಿಗದು, ಈಶ್ವರನ ಕೃಪೆಯಿಂದಲೂ ಕರ್ಮ ಕರಗದು. ಉಡುಪಿಯಿಂದ ಹಬ್ಬಿದ ಮಾಧ್ವ ಸಿದ್ಧಾಂತ ಇದಕ್ಕೆ ಎದುರು. ಅಲ್ಲಿ ಸ್ವತಂತ್ರನು ಹರಿಯೊಬ್ಬನೇ. ಜೀವಾತ್ಮನ ಕರ್ತೃತ್ವ ನಿಜ, ಆದರೆ ಅದು ಪರಾಧೀನ. ಬೀಡಿ ಬಿಡುತ್ತೇನೆಂದು ಏಳುವ ಸಂಕಲ್ಪವೂ ಹರಿಯ ಪ್ರೇರಣೆಯಿಂದಲೇ ಏಳಬೇಕು. ಒಂದು ದರ್ಶನದಲ್ಲಿ ಮನುಷ್ಯ ಪೂರ್ತಿ ಹೊಣೆಗಾರ, ಇನ್ನೊಂದರಲ್ಲಿ ಪೂರ್ತಿ ಅವಲಂಬಿ. ಇಷ್ಟು ದೂರದ ಎರಡು ನಿಲುವುಗಳು ಒಂದೇ ಕ್ಷೇತ್ರದಲ್ಲಿ ಶತಮಾನಗಳಿಂದ ಬಾಳಿವೆ. ಇದನ್ನು ಹೊಂದಾಣಿಕೆ ಎಂದಷ್ಟೇ ಹೇಳಿ ಮುಗಿಸಿದರೆ ಕಡಿಮೆಯಾಯಿತು. ದುರ್ಬಲನ ಕೈಹಿಡಿಯುವ ವಿಷಯಕ್ಕೆ ಬಂದಾಗ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ಮಾಧ್ವನಿಗೆ ಸಜ್ಜನರ ಸಂಗ ಹರಿಪ್ರೇರಣೆಯ ದಾರಿ. ಜೈನನ ಉತ್ತರ ಇನ್ನೂ ಸೂಕ್ಷ್ಮವಾದದ್ದು.

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳನ್ನು ಜೈನಶಾಸ್ತ್ರ ಹೇಳುತ್ತದೆ. ಮೊದಲ ನಾಲ್ಕು ಒಬ್ಬನ ಒಳಗಿನ ನಂಬಿಕೆ, ನಿಲುವುಗಳಿಗೆ ಸೇರಿದವು. ಉಳಿದವು ಉಪಗೂಹನ, ಸ್ಥಿತೀಕರಣ, ವಾತ್ಸಲ್ಯ, ಪ್ರಭಾವನೆ; ಇವು ಇನ್ನೊಬ್ಬರಿಲ್ಲದೆ ಆಗುವಂಥವಲ್ಲ. ಸ್ಥಿತೀಕರಣ ಎಂದರೆ ದಾರಿಯಿಂದ ಜಾರುತ್ತಿರುವವನನ್ನು ಹಿಡಿದು ಮತ್ತೆ ಅಲ್ಲೇ ನಿಲ್ಲಿಸುವುದು. ಕರ್ಮ ಅವನದೇ ಎಂದು ಖಡಾಖಂಡಿತವಾಗಿ ಹೇಳಿದ ಶಾಸ್ತ್ರವೇ ಅವನನ್ನು ನಿಲ್ಲಿಸುವುದು ನಿನ್ನ ಶ್ರದ್ಧೆಯ ಭಾಗ ಎಂದೂ ಹೇಳುತ್ತದೆ. ನೆರವಾಗುವುದು ದಯೆಯ ಹೆಚ್ಚುವರಿ ಕೆಲಸವಲ್ಲ. ಅದಿಲ್ಲದೆ ನೆರವಾಗಬೇಕಾದವನ ದರ್ಶನವೇ ಊನ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ದ್ರವ್ಯಗಳ ಉಪಕಾರಗಳನ್ನು ಹೇಳುತ್ತ ಬಂದು, ಜೀವಗಳ ಉಪಕಾರ ಒಂದಕ್ಕೊಂದು ನೆರವಾಗುವುದೇ ಎನ್ನುವುದನ್ನೂ ಇದರ ಜೊತೆಗೇ ಓದಿಕೊಳ್ಳಬೇಕು.

ಸ್ಥಿತೀಕರಣಕ್ಕೆ ಪರಂಪರೆ ಕೊಡುವ ಉದಾಹರಣೆ ವಾರಿಷೇಣನದು. ಮಗಧದ ಶ್ರೇಣಿಕ ಮತ್ತು ಚೇಲನೆಯರ ಮಗ, ಅರಮನೆ ಬಿಟ್ಟು ಮುನಿಯಾದವನು. ಅವನ ಬಾಲ್ಯದ ಗೆಳೆಯನೂ ಸ್ನೇಹದ ದಾಕ್ಷಿಣ್ಯಕ್ಕೆ ದೀಕ್ಷೆ ಪಡೆದ. ಹನ್ನೆರಡು ವರ್ಷ ಕಳೆದರೂ ಗೆಳೆಯನ ಮನಸ್ಸು ಊರಲ್ಲಿ ಬಿಟ್ಟುಬಂದ ಹೆಂಡತಿಯ ಬಳಿಯೇ ಇತ್ತು. ವಾರಿಷೇಣ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಅವನನ್ನು ಕರೆದುಕೊಂಡು ತನ್ನ ತಾಯಿಯ ಅರಮನೆಗೆ ನಡೆದ. ಮಗ ಜಾರಿದನೇನೋ ಎಂದು ಶಂಕಿಸಿದ ಚೇಲನೆ ಎರಡು ಆಸನ ಹಾಕಿಸಿದಳು, ಒಂದು ಭೋಗಿಗೆ ಒಪ್ಪುವಂಥದು, ಇನ್ನೊಂದು ವಿರಾಗಿಗೆ. ವಾರಿಷೇಣ ಎರಡನೆಯದರಲ್ಲಿ ಕೂತು, ತಾನು ತೊರೆದುಹೋದ ಹೆಂಡಿರನ್ನು ಸಿಂಗಾರದೊಡನೆ ಕರೆಸಿ, ಬೇಕಿದ್ದರೆ ಈ ಸಂಪತ್ತನ್ನೆಲ್ಲ ನೀನೇ ತೆಗೆದುಕೋ ಎಂದ. ಗೆಳೆಯ ನಾಚಿ ತಲೆತಗ್ಗಿಸಿದ. ಅಲ್ಲಿಂದ ಮುಂದೆ ಅವನ ಮನಸ್ಸು ನೆಲೆನಿಂತಿತು. ಹೆಂಗಸರನ್ನು ಸಂಪತ್ತಿನ ಸಾಲಿಗೆ ಸೇರಿಸುವ ಈ ಕಥೆಯ ರೀತಿ ಇಂದಿನ ಓದುಗರಿಗೆ ಚುಚ್ಚುತ್ತದೆ, ಚುಚ್ಚಬೇಕು ಕೂಡ. ಆದರೂ ಅದರೊಳಗಿನ ಒಂದು ಅಂಶ ಉಳಿಯುತ್ತದೆ. ಹನ್ನೆರಡು ವರ್ಷ ಒಳಗೊಳಗೇ ಸೋಲುತ್ತಿದ್ದವನ ಜೊತೆ ಗೆದ್ದವನು ಹನ್ನೆರಡು ವರ್ಷವೂ ಇದ್ದ.

ಉಪಗೂಹನ ಇದಕ್ಕಿಂತ ಮೌನವಾದ ಅಂಗ: ಇನ್ನೊಬ್ಬನ ತಪ್ಪನ್ನು ಬೀದಿಗೆ ತರದೆ ಮುಚ್ಚುವುದು. ಬೀಡಿ ಬಿಟ್ಟವನು ಇಪ್ಪತ್ತನೆಯ ದಿನ ಬಂಟ್ವಾಳದ ಬಿ.ಸಿ.ರೋಡಿನ ಬಸ್‌ನಿಲ್ದಾಣದ ಹಿಂದೆ ನಿಂತು ಒಂದು ಎಳೆದದ್ದನ್ನು ಕಂಡವರು ಏನು ಮಾಡಬೇಕು? ಮನೆಗೆ ಹೋಗಿ ಹೇಳಿದರೆ ಅವನು ಎರಡನೆಯದನ್ನು ಇನ್ನೂ ದೂರ ಹೋಗಿ ಸೇದುತ್ತಾನೆ. ಜಾರಿದ್ದಕ್ಕಿಂತ ಜಾರಿದ್ದು ಊರಿಗೆಲ್ಲ ತಿಳಿಯಿತೆಂಬ ನಾಚಿಕೆಯೇ ಅನೇಕರನ್ನು ಪೂರ್ತಿ ಕೆಳಗಿಳಿಸುತ್ತದೆ. ಹಾಗೆಂದು ಕಂಡೂ ಕಾಣದಂತೆ ಹೋಗುವುದು ಉಪಗೂಹನವಲ್ಲ. ಅವನ ಬಳಿ ಹೋಗಿ ನಿಲ್ಲುವುದು, ಅವನೊಬ್ಬನಿಗೇ ಹೇಳುವುದು, ಬಸ್ಸು ಬರುವವರೆಗೆ ಜೊತೆಗಿರುವುದು, ಇವು ಮುಚ್ಚುವಿಕೆಯೂ ಹೌದು, ನಿಲ್ಲಿಸುವಿಕೆಯೂ ಹೌದು. ಎಂಟು ಅಂಗಗಳ ಎಣಿಕೆಯಲ್ಲಿ ಉಪಗೂಹನದ ಬೆನ್ನಿಗೇ ಸ್ಥಿತೀಕರಣ ಬರುವುದು ಇಲ್ಲಿ ಅರ್ಥಪೂರ್ಣ.

ಸುತ್ತಲಿನವರು ವ್ರತದ ಹೊರಗಿರುವವರಲ್ಲ ಎನ್ನಲು ಇನ್ನೊಂದು ಆಧಾರ ಕೃತ, ಕಾರಿತ, ಅನುಮೋದಿತ ಎಂಬ ವಿಂಗಡಣೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಸೈ ಎಂದದ್ದು, ಮೂರೂ ಕರ್ಮಕ್ಕೆ ಸೇರುತ್ತವೆ. ಗೂಡಂಗಡಿಯ ಕಂಬಕ್ಕೆ ನೇತುಹಾಕಿದ ಹುರಿಹಗ್ಗದ ತುದಿಯಲ್ಲಿ ಕೆಂಡ ಸದಾ ಮಿನುಗುತ್ತಿರುತ್ತಿತ್ತು. ಬಂದವನು ಅದನ್ನೆತ್ತಿ ಬೀಡಿಗೆ ತಾಗಿಸಿ, ಪಕ್ಕದವನ ಬೀಡಿಗೂ ತಾಗಿಸುತ್ತಿದ್ದ. ಸೇದುವುದು ಹೀಗೆ ಕೈಯಿಂದ ಕೈಗೆ ದಾಟಿಯೇ ಬೆಳೆದದ್ದು. “ಒಂದು ಎಳಿ ಮಾರಾಯ, ಏನೂ ಆಗುವುದಿಲ್ಲ” ಎಂದವನು ಕಾರಿತದಲ್ಲಿ ಪಾಲುದಾರ. ಹತ್ತಿಸುವಾಗ ಜೊತೆಗಿದ್ದವರು ಬಿಡುವಾಗ ಮಾತ್ರ ಅದು ಅವನ ಸ್ವಂತ ವಿಚಾರ ಎಂದು ದೂರ ಸರಿಯುವುದು ನ್ಯಾಯವಲ್ಲ.

ಅವಧಿಯ ಪ್ರಶ್ನೆಯೂ ಇದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಕಾಲಮಿತಿಯ ತ್ಯಾಗವನ್ನು ನಿಯಮವೆಂದೂ ಜೀವಮಾನದ ತ್ಯಾಗವನ್ನು ಯಮವೆಂದೂ ಬೇರ್ಪಡಿಸುತ್ತದೆ. ಈ ಸೀಮೆಯ ಎಲ್ಲ ಧರ್ಮದವರಲ್ಲೂ ನಿಯಮದ ರೂಢಿ ಗಟ್ಟಿಯಾಗಿದೆ. ಶಬರಿಮಲೆಗೆ ಮಾಲೆ ಧರಿಸಿದವನಿಗೆ 41 ದಿನ ಹೊಗೆಯಿಲ್ಲ, ಮದ್ಯವಿಲ್ಲ. ನಿನ್ನೆಯವರೆಗೆ ಹೆಸರು ಹಿಡಿದು ಕರೆಯುತ್ತಿದ್ದವರು ಇಂದು ‘ಸ್ವಾಮಿ’ ಎನ್ನುತ್ತಾರೆ, ಮನೆಯ ಹಿರಿಯರೂ ಹಾಗೇ ಕರೆಯುತ್ತಾರೆ, ಸಂಜೆ ಭಜನಾ ಮಂದಿರದಲ್ಲಿ ಗುರುಸ್ವಾಮಿ ಕಾಯುತ್ತಿರುತ್ತಾರೆ. ಕೊರಳಿನ ಮಾಲೆ ನೋಡಿದ ಮೇಲೆ ಯಾರೂ ಬೀಡಿ ಚಾಚುವುದಿಲ್ಲ. ರಂಜಾನಿನಲ್ಲಿ ಬ್ಯಾರಿ ಮುಸ್ಲಿಮರ ಮನೆಗಳ ಗಂಡಸರು ಮುಂಜಾವಿನಿಂದ ಸೂರ್ಯಾಸ್ತದವರೆಗೆ ನೀರಿನ ಜೊತೆ ಹೊಗೆಯನ್ನೂ ಬಿಡುತ್ತಾರೆ. ಕ್ರೈಸ್ತರ ತಪಸ್ಸುಕಾಲದಲ್ಲಿ ಒಂದು ಪ್ರಿಯವಾದದ್ದನ್ನು ತೊರೆಯುವ ರೂಢಿಯಿದೆ. ದಿನಕ್ಕೆ ಎರಡು ಕಟ್ಟು ಸೇದುವವನೂ ಇಲ್ಲಿ ಬಿಡಬಲ್ಲವನಾಗುವುದು ಇಡೀ ಊರು ಅವನ ಜೊತೆ ಅದೇ ನಿಯಮದಲ್ಲಿರುವುದರಿಂದ, ಅಥವಾ ಅದನ್ನು ಗೌರವಿಸುವುದರಿಂದ. ಮಾಲೆ ತೆಗೆದ ಮರುದಿನ, ಹಬ್ಬದ ಚಂದ್ರ ಕಂಡ ರಾತ್ರಿ ಅನೇಕರು ಮರಳಿ ಹಚ್ಚುತ್ತಾರೆ. ಇದನ್ನು ಕಂಡು ವ್ರತ ವ್ಯರ್ಥವೆನ್ನುವುದು ಸರಿಯಲ್ಲ. ಊರು ತನ್ನ ಕೈಯನ್ನು 42ನೆಯ ದಿನ ಹಿಂತೆಗೆದುಕೊಂಡದ್ದೂ ಅಲ್ಲಿ ಒಂದು ಕಾರಣ. ಶರೀರದ ಮಟ್ಟಿಗೆ ಅಷ್ಟರಲ್ಲಿ ಕಷ್ಟದ ಭಾಗ ಮುಗಿದಿರುತ್ತದೆ.

ನಿಕೋಟಿನ್ ಎಳೆದ ಕೆಲವೇ ಸೆಕೆಂಡುಗಳಲ್ಲಿ ಮಿದುಳು ತಲುಪುತ್ತದೆ. ಬಿಟ್ಟಾಗ ಸಿಡುಕು, ನಿದ್ದೆಗೇಡು, ಚಡಪಡಿಕೆ ಮೊದಲ ಕೆಲವು ದಿನ ಜೋರಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಸೇದಲೇಬೇಕೆಂಬ ಒಂದೊಂದು ತುಡಿತ ಕೆಲವು ನಿಮಿಷ ಇದ್ದು ತಾನಾಗಿ ತಗ್ಗುತ್ತದೆ. ಜೊತೆಗಾರ ಬೇಕಾಗುವುದು ಆ ಕೆಲವು ನಿಮಿಷಗಳಿಗೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 1971ರಿಂದ 2003ರವರೆಗೆ 12,067 ಜನರನ್ನು ಗಮನಿಸಿ ಕ್ರಿಸ್ಟಾಕಿಸ್ ಮತ್ತು ಫೌಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಂಡ ಅಥವಾ ಹೆಂಡತಿ ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ. 67ರಷ್ಟು, ಗೆಳೆಯ ಬಿಟ್ಟರೆ ಶೇ. 36ರಷ್ಟು ಕಡಿಮೆಯಾಗಿತ್ತು. ಒಬ್ಬೊಬ್ಬರಾಗಿ ಅಲ್ಲ, ಒಬ್ಬರಿಗೊಬ್ಬರು ಹತ್ತಿರವಿದ್ದ ಗುಂಪುಗುಂಪೇ ಬಿಟ್ಟಿದ್ದವು.

ನಿಯಮವನ್ನು ಯಮಕ್ಕೆ ದಾಟಿಸುವ ಪ್ರಯತ್ನ ಧರ್ಮಸ್ಥಳದ ಆಶ್ರಯದಲ್ಲಿ ನಡೆದಿದೆ. 1968ರಲ್ಲಿ ಧರ್ಮಾಧಿಕಾರಿಯಾದ ವೀರೇಂದ್ರ ಹೆಗ್ಗಡೆಯವರ ಕಾಲದಲ್ಲಿ, 1982ರಲ್ಲಿ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾಯಿತು. ಅದರ ಜೊತೆಗೂಡಿ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ರಾಜ್ಯದಾದ್ಯಂತ ಸಾವಿರದ ಗಡಿ ದಾಟಿವೆ. ಹೆಸರೇ ಹೇಳುವಂತೆ ಅವುಗಳ ಗುರಿ ಮದ್ಯ, ತಂಬಾಕಲ್ಲ. ಆದರೆ ಅವುಗಳ ಕಟ್ಟೋಣ ಬೀಡಿಗೂ ಒಪ್ಪುತ್ತದೆ. ಶಿಬಿರ ದೂರದ ಆಸ್ಪತ್ರೆಯಲ್ಲಲ್ಲ, ಊರಿನದೇ ಸಭಾಭವನದಲ್ಲಿ. ಊರವರೇ ಸಮಿತಿ ಮಾಡಿ ಅನ್ನ ಬಡಿಸುತ್ತಾರೆ. ಭಜನೆ, ವ್ಯಾಯಾಮ, ಸಲಹೆಗಳ ನಡುವೆ ಮನೆಯವರನ್ನೂ ಕರೆಸುತ್ತಾರೆ. ಮುಗಿದ ಮೇಲೆ ನವಜೀವನ ಸಮಿತಿ ಎಂಬ ಹೆಸರಿನಲ್ಲಿ ಬಿಟ್ಟವರು ಬಿಟ್ಟವರೊಡನೆ ಮತ್ತೆಮತ್ತೆ ಸೇರುತ್ತಾರೆ. ನೂರು ದಿನ ತುಂಬಿದಾಗ ಶತದಿನೋತ್ಸವ, ಗಾಂಧಿ ಜಯಂತಿಗೆ ಸಮಾವೇಶ. ಮಾತು ಬಿಡ ಮಂಜುನಾಥ ಎಂದು ನಂಬುವ ನಾಡಿನಲ್ಲಿ ದೇವರ ಹೆಸರಲ್ಲಿ ಕೊಟ್ಟ ಮಾತಿಗೆ ತೂಕ ಹೆಚ್ಚು. ಆದರೆ ಆಣೆಯ ಭಯವೊಂದನ್ನೇ ನೆಚ್ಚಿದರೆ, ಮುರಿದವನು ದೇವರಿಂದಲೂ ಮುಖ ಮರೆಸಿಕೊಳ್ಳುತ್ತಾನೆ. ಜಾರಿದವನಿಗೆ ಮರಳಿ ಬರಲು ಬಾಗಿಲಿರುವುದು ಸಮಿತಿಯಲ್ಲಿ. ಬೀಡಿ ಬಿಡುವವರಿಗೆ ಹೀಗೆ ಊರೂರಲ್ಲಿ ಒಂದು ಬಾಗಿಲು ಬೇಕು. 1800112356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿ ಒಳ್ಳೆಯದೇ, ಆದರೆ ದೂರವಾಣಿಗೆ ಬಸ್‌ನಿಲ್ದಾಣದಲ್ಲಿ ಪಕ್ಕಕ್ಕೆ ಬಂದು ನಿಲ್ಲಲಾಗದು.

ಕಡೆಗೆ, ಬೀಡಿ ಕಟ್ಟುವ ಮನೆ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ಮಕ್ಕಳ ಶಾಲೆಯ ಫೀಸು, ಎಷ್ಟೋ ಹೆಣ್ಣುಮಕ್ಕಳ ಮದುವೆಯ ಚಿನ್ನ ಬಂದದ್ದು ಅಮ್ಮನ ಮಡಿಲ ಮೇಲಿನ ತಡ್ಪೆಯಿಂದ, ಅಂದರೆ ಮೊರದಿಂದ. ನೆನೆಸಿದ ಎಲೆಯನ್ನು ತಗಡಿನ ಅಚ್ಚಿಟ್ಟು ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುತ್ತಿ, ನೂಲು ಬಿಗಿದು, ಸಾವಿರಕ್ಕೆ ಇಷ್ಟೆಂಬ ಮಜೂರಿಗೆ ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸುವ ಕೆಲಸ ಅದು. ಕೃತ, ಕಾರಿತ, ಅನುಮೋದಿತಗಳ ಲೆಕ್ಕ ಹಿಡಿದು ಆ ಹೆಂಗಸಿನ ಮೇಲೆ ಹೊಗೆಯ ಪಾಪ ಹೊರಿಸುವುದು ಶಾಸ್ತ್ರವನ್ನು ತಪ್ಪಾಗಿ ಓದಿದಂತೆ. ಅನುಮೋದನೆಗೆ ಮನಸ್ಸಿನ ಒಪ್ಪಿಗೆ ಬೇಕು. ಅವಳ ಒಪ್ಪಿಗೆ ಕೂಲಿಗೆ, ಹೊಗೆಗಲ್ಲ. ಬೇರೆ ಕೂಲಿ ಕೊಡದೆ ಅವಳನ್ನು ಬಿಡು ಎನ್ನುವ ಹಕ್ಕು ಯಾರಿಗೂ ಇಲ್ಲ. ಅಂಥ ಮನೆಯಲ್ಲಿ ಗಂಡ ಬೀಡಿ ಬಿಟ್ಟರೆ ಅವಳ ಕೆಲಸ ಇಮ್ಮಡಿಯಾಗುತ್ತದೆ. ತಡ್ಪೆಯನ್ನು ಜಗಲಿಯಿಂದ ಹಿತ್ತಲಿಗೆ ಒಯ್ದು ಕೂರಬೇಕು, ಕಟ್ಟಿದ್ದನ್ನು ಅವನ ಕಣ್ಣಿಗೆ ಬೀಳದ ಕಡೆ ಇಡಬೇಕು, ಬ್ರಾಂಚಿಗೆ ಅವನನ್ನು ಕಳಿಸದೆ ತಾನೇ ನಡೆದು ಹೋಗಿ ಬರಬೇಕು.