ಮದ್ದಿಯ ಒಪ್ಪಿಗೆ



ವೆಸ್ಸಂತರ ಜಾತಕ ಓದುವ ದಿನ ನಮ್ಮ ಬಳಗದಲ್ಲಿ ಯಾರಿಗೂ ಸಮಾಧಾನ ಇರುವುದಿಲ್ಲ. ಪಾಲಿ ಜಾತಕಗಳಲ್ಲಿ ಇದು ಕೊನೆಯದು, 547ನೆಯದು. ದಾನ ಪಾರಮಿಯ ಶಿಖರ ಎಂದು ಹೊಗಳಿದ್ದಾರೆ, ಸಾಂಚಿಯ ಉತ್ತರ ತೋರಣದಲ್ಲಿ ಕೆತ್ತಿದ್ದಾರೆ. ಆದರೆ ಇಲ್ಲಿ ತಂದೆ ದಾನ ಕೊಡುವುದು ತನ್ನ ಇಬ್ಬರು ಮಕ್ಕಳನ್ನು. ಮುದುಕ ಜೂಜಕ ಬಂದು, ಮನೆಗೆಲಸಕ್ಕೆ ಆಳುಗಳಾಗಿ ಕೊಡು ಎನ್ನುತ್ತಾನೆ. ಜಾಲಿ, ಕಣ್ಹಾಜಿನಾ ಹೆದರಿ ಕೊಳದ ತಾವರೆ ಎಲೆಗಳ ಕೆಳಗೆ ಅಡಗುತ್ತಾರೆ. ತಂದೆಯೇ ಕರೆದು ಒಪ್ಪಿಸುತ್ತಾನೆ. ಜೂಜಕ ಅವರ ಕೈಗಳನ್ನು ಬಳ್ಳಿಯಿಂದ ಕಟ್ಟಿ, ಹೊಡೆಯುತ್ತಾ ಎಳೆದೊಯ್ಯುತ್ತಾನೆ.

ತಾಯಿ ಮದ್ದಿ ಆಗ ಕಾಡಿನಲ್ಲಿ ಹಣ್ಣು ಆರಿಸುತ್ತಿದ್ದಾಳೆ. ಅವಳು ಬೇಗ ಬಂದು ದಾನಕ್ಕೆ ಅಡ್ಡಿಯಾಗದಿರಲಿ ಎಂದು ದೇವತೆಗಳು ಕಾಡುಮೃಗಗಳ ರೂಪದಲ್ಲಿ ಅವಳ ದಾರಿ ಕಟ್ಟುತ್ತಾರೆ. ರಾತ್ರಿಯಿಡೀ ಮಕ್ಕಳನ್ನು ಹುಡುಕಿ, ಮೂರ್ಛೆ ಹೋಗಿ ಎದ್ದ ಮೇಲೆ ಗಂಡ ವಿಷಯ ಹೇಳುತ್ತಾನೆ. ಅವಳು ಅನುಮೋದಿಸುತ್ತಾಳೆ.

ಈ ಸಲ ಓದು ಮುಗಿದಾಗ ಕಮಲಾಪುರ ಕಡೆಯಿಂದ ಬರುವ ಅಂಗನವಾಡಿ ಅಕ್ಕ ಒಬ್ಬರು ಕೇಳಿದರು: “ಸರ್, ನಮ್ಮ ಕಡೀನೂ ಹಿಂಗ ಕೊಡ್ತಾರ್ರಿ. ಮೂರನೇದೂ ಹೆಣ್ಣಾತಂದ್ರ ಮನ್ಯಾಗ ಗದ್ದಲ. ಮಕ್ಕಳಿಲ್ಲದವ್ರು ಕಲಬುರಗಿಯಿಂದ ಬರ್ತಾರ. ಬಾಂಡ್ ಮ್ಯಾಲ ಬರಸ್ತಾರ, ಹೆಬ್ಬೆಟ್ಟ ಒತ್ತಸ್ತಾರ, ಕೂಸು ಒಯ್ತಾರ. ಕೊಟ್ಟವ್ರಿಗೂ ಹಗುರ, ತಗೊಂಡವ್ರಿಗೂ ಖುಷಿ, ಕೂಸೂ ಚೆಂದ ಬೆಳೀತದ. ಇದ್ರಾಗ ತಪ್ಪೇನದ ರೀ?”

ಈ ಪ್ರಶ್ನೆಗೆ “ಕಾನೂನು ಒಪ್ಪುವುದಿಲ್ಲ” ಎಂದು ಹೇಳಿ ಎದ್ದು ಹೋಗಲು ಬರುವುದಿಲ್ಲ. ಕೂಸನ್ನು ಒಯ್ಯುವವರು ಜೂಜಕರಲ್ಲ. ಅವರಲ್ಲಿ ಎಷ್ಟೋ ಜನ ಹತ್ತಾರು ವರ್ಷ ದವಾಖಾನಿ ತಿರುಗಿ ಸೋತವರು, ಕೂಸನ್ನು ಎದೆಗೊತ್ತಿಕೊಂಡು ಸಾಕುವವರು. ಹಾಗಾಗಿ ತೆಗೆದುಕೊಳ್ಳುವವರ ಮನಸ್ಸನ್ನಷ್ಟೇ ನೋಡಿದರೆ ಸಾಲದು. ಕೊಡುವ ಕಡೆಯನ್ನು ನೋಡಬೇಕು.

ಪಂಚಶೀಲದ ಎರಡನೆಯದನ್ನು ನಾವು ದಿನವೂ ಹೇಳುತ್ತೇವೆ: ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ. ಕಳ್ಳತನ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. 2024ರ ನವೆಂಬರ್‌ನಲ್ಲಿ ಕಲಬುರಗಿಯ ಸರ್ಕಾರಿ ಆಸ್ಪತ್ರೆಯಿಂದ ನರ್ಸ್ ವೇಷದ ಹೆಂಗಸರು ಹಸುಗೂಸನ್ನು ಎತ್ತಿಕೊಂಡು ಹೋದಾಗ ಊರಿಗೆ ಊರೇ ಕುದಿಯಿತು. ಪೊಲೀಸರು ಬೇಗನೆ ಹುಡುಕಿ ತಾಯಿಯ ಮಡಿಲಿಗೆ ಸೇರಿಸಿದರು. ಅದರಲ್ಲಿ ಯಾರಿಗೂ ಗೊಂದಲವಿಲ್ಲ. ಗೊಂದಲ ಇರುವುದು “ಕೊಟ್ಟರು” ಎನ್ನುವ ಕಡೆ. ಹೆರಿಗೆಯಾಗಿ ಮೂರು ದಿನ. ಮೈಯಲ್ಲಿ ರಕ್ತವಿಲ್ಲ. ತಲೆಯ ಹತ್ತಿರ ಅತ್ತೆ, ಕಾಲಿನ ಹತ್ತಿರ ಗಂಡ, ಬಾಗಿಲಲ್ಲಿ ಬಾಂಡ್ ಹಿಡಿದ ಮಧ್ಯವರ್ತಿ. ಆಗ ಆ ಬಾಣಂತಿ ಒತ್ತುವ ಹೆಬ್ಬೆಟ್ಟು ಮದ್ದಿಯ ಅನುಮೋದನೆಯಂಥದ್ದೇ. ಎಲ್ಲವೂ ಮುಗಿದ ಮೇಲೆ ಕೇಳಿದ್ದು.

ಇದು ಕಲ್ಪನೆಯ ಭಯವಲ್ಲ. 1999 ಮತ್ತು 2001ರಲ್ಲಿ ನಮ್ಮ ಗಡಿಯಾಚೆ, ಆಗಿನ ಆಂಧ್ರದಲ್ಲಿದ್ದ ತೆಲಂಗಾಣದ ತಾಂಡಾಗಳಿಂದ ಹೆಣ್ಣುಕೂಸುಗಳನ್ನು ಅಲ್ಪ ಹಣಕ್ಕೆ ತಂದು ದತ್ತು ಸಂಸ್ಥೆಗಳ ಮೂಲಕ ವಿದೇಶಕ್ಕೆ ಕಳಿಸುತ್ತಿದ್ದದ್ದು ಬಯಲಾಯಿತು. ಅಲ್ಲೂ ಕಾಗದ ಪತ್ರಗಳಿದ್ದವು. (ಇದನ್ನು ಲಂಬಾಣಿಗರ ಮೇಲೆ ಹಾಕಿ ಮಾತಾಡುವವರಿದ್ದಾರೆ. ಬಡತನ, ವರದಕ್ಷಿಣೆ, ಗಂಡುಮಗುವಿನ ಹಟ ಯಾವ ಜಾತಿಯ ಮನೆಯಲ್ಲಿಲ್ಲ?)

ಈಗ ಕಾನೂನು. ಬೌದ್ಧರಾದ ನಮಗೂ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯೇ ಅನ್ವಯಿಸುತ್ತದೆ. ಬಾಬಾಸಾಹೇಬರ ಹಿಂದೂ ಕೋಡ್ ಮಸೂದೆಯಲ್ಲಿ ದತ್ತಕವೂ ಒಂದು ಭಾಗ. ಆ ಮಸೂದೆಗಾಗಿಯೇ ಬೇಸತ್ತು ಅವರು 1951ರಲ್ಲಿ ಮಂತ್ರಿಪದವಿ ಬಿಟ್ಟರು. ಕಾಯ್ದೆ ಬಂದದ್ದು 1956ರ ಡಿಸೆಂಬರ್ 21ರಂದು, ಅವರ ಮಹಾಪರಿನಿಬ್ಬಾಣದ 15 ದಿನದ ನಂತರ. ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದು, ಹೋಮ ಬೇಕಿಲ್ಲ ಎಂದು ಅದು ಹೇಳಿತು. ಆದರೆ ಗಂಡ ಇರುವಾಗ ಮಗುವನ್ನು ಕೊಡುವ ಹಕ್ಕು ಗಂಡನದೇ ಎಂದಿತು. ತಾಯಿ ಒಪ್ಪಿಗೆ ಕೊಡುವವಳು ಮಾತ್ರ. ಇಬ್ಬರಿಗೂ ಸಮ ಹಕ್ಕು ಬಂದದ್ದು 2010ರ ತಿದ್ದುಪಡಿಯಲ್ಲಿ. ಈ ಕಾಯ್ದೆಯಂತೆ ಹೆತ್ತವರು ನೇರವಾಗಿ ಕೊಡಬಹುದು, ನೋಂದಾಯಿಸಬಹುದು. ಹಣ ಕೊಟ್ಟರೂ ಪಡೆದರೂ ಶಿಕ್ಷೆ. ಆದರೆ ತಾಯಿಗೆ ಯೋಚಿಸಲು ಇಷ್ಟು ದಿನ ಬಿಡಿ ಎಂಬ ಮಾತು ಅದರಲ್ಲಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಅದರ ದೊಡ್ಡ ಕೊರತೆ.

ಆ ಮಾತು ಇರುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ. ಸಾಕಲಾಗದ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂಸನ್ನು ಒಪ್ಪಿಸಬಹುದು. ಮೊದಲು ಆಪ್ತಸಮಾಲೋಚನೆ ಆಗಬೇಕು. ಒಪ್ಪಿಸಿದ ಮೇಲೂ ಮನಸ್ಸು ಬದಲಿಸಲು ಎರಡು ತಿಂಗಳು ಅವಳ ಕೈಯಲ್ಲಿರುತ್ತದೆ. ಅಷ್ಟರೊಳಗೆ ಬಂದು “ನನ್ನ ಕೂಸು ನನಗೆ ಬೇಕು” ಅನ್ನಬಹುದು. ಅತ್ತೆ, ಗಂಡ, ಮಧ್ಯವರ್ತಿ ಯಾರೂ ಇಲ್ಲದ ಕಡೆ, ಮೈಗೆ ಶಕ್ತಿ ಬಂದ ಮೇಲೆ ಯೋಚಿಸುವ ಅವಕಾಶ ಅದು. ಆಗಲೂ ಕೊಡುತ್ತೇನೆ ಅಂದರೆ, ಅದನ್ನು ಕೊಟ್ಟದ್ದು ಎನ್ನಬಹುದು. ಮನಸ್ಸಿಲ್ಲದೆ, ಕೈಮೀರಿದ ಪರಿಸ್ಥಿತಿಯಲ್ಲಿ ಕೂಸು ಬಿಟ್ಟ ತಾಯಿಗೆ ಶಿಕ್ಷೆ ಇಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಇದನ್ನು ಆಶಾ, ಅಂಗನವಾಡಿ ಅಕ್ಕಂದಿರು ತಾಂಡಾ ತಾಂಡಾಗಳಲ್ಲಿ ಹೇಳಿದರೆ ಮುಳ್ಳುಕಂಟಿಯಲ್ಲಿ ಸಿಗುವ ಕೂಸುಗಳು ಕಡಿಮೆಯಾದಾವು. ಸಿಕ್ಕ ಕೂಸನ್ನು “ದೇವರು ಕೊಟ್ಟಿದ್ದು” ಎಂದು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ. 24 ಗಂಟೆಯೊಳಗೆ ತಿಳಿಸಬೇಕು, 1098ಕ್ಕೆ ಫೋನ್ ಮಾಡಿದರೂ ಸಾಕು.

ದತ್ತು ಬೇಕಾದವರು ಹೆಸರು ಹಚ್ಚಿ ಮೂರು ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ ಎಂಬ ಸಂಕಟ ಸುಳ್ಳಲ್ಲ. 2022ರ ಸೆಪ್ಟೆಂಬರ್‌ನಿಂದ ಕೋರ್ಟಿನ ಬದಲು ಜಿಲ್ಲಾಧಿಕಾರಿಗಳೇ ಆದೇಶ ಕೊಡುತ್ತಾರೆ, ಆದರೂ ಸಾಲು ಉದ್ದವೇ. ಆ ಸಾಲು ತಪ್ಪಿಸಲು ಬಾಣಂತಿಯ ಎರಡು ತಿಂಗಳನ್ನು ಕಸಿದುಕೊಳ್ಳುವುದು ಮಾತ್ರ ನ್ಯಾಯವಲ್ಲ.

ವೆಸ್ಸಂತರನ ಕಥೆ ಒಂದು ಕಡೆ ಇರಲಿ, ವಿನಯದಲ್ಲಿ ಬೇರೊಂದು ಘಟನೆ ಇದೆ. ರಾಹುಲನಿಗೆ ಪಬ್ಬಜ್ಜೆ ಕೊಟ್ಟಾಗ ಅಜ್ಜ ಶುದ್ಧೋದನ ಬಂದು ತನ್ನ ಸಂಕಟ ತೋಡಿಕೊಂಡ: ಹೆತ್ತವರನ್ನು ಕೇಳದೆ ಇನ್ನು ಮುಂದೆ ಯಾವ ಮಗುವಿಗೂ ಪಬ್ಬಜ್ಜೆ ಕೊಡಬೇಡಿ. ಬುದ್ಧರು ಅಜ್ಜನಿಗೆ ಅನಿತ್ಯದ ಉಪದೇಶ ಮಾಡಿ ಕಳಿಸಲಿಲ್ಲ, ನಿಯಮ ಮಾಡಿದರು. ಉಪಸಂಪದೆಯ ಹೊತ್ತಿನಲ್ಲಿ ಇಂದಿಗೂ ಆ ಪ್ರಶ್ನೆ ಕೇಳುತ್ತಾರೆ, ಪಾಲಿಯಲ್ಲಿ ತಾಯಿಯ ಹೆಸರೇ ಮೊದಲು ಬರುತ್ತದೆ.

ಮಗುವಿನ ಕಡೆಯಿಂದಲೂ ಒಂದು ಪ್ರಶ್ನೆ ಉಳಿಯಿತು. ವೈದ್ಯ ಜೀವಕ ರಾಜಗೃಹದ ಕಸದ ರಾಶಿಯಲ್ಲಿ ಸಿಕ್ಕ ಕೂಸು. ರಾಜಕುಮಾರ ಅಭಯ ಸಾಕಿದ. ತಿಳಿವಳಿಕೆ ಬಂದ ಮೇಲೆ ಜೀವಕ ಕೇಳಿದ: ನನ್ನ ತಾಯಿ ಯಾರು, ತಂದೆ ಯಾರು? ಅಭಯ ಕಥೆ ಕಟ್ಟಲಿಲ್ಲ. ತಾಯಿ ಯಾರೋ ನನಗೂ ಗೊತ್ತಿಲ್ಲ, ಸಾಕಿದ ನಾನೇ ತಂದೆ ಎಂದ. ಇಂದು ಸರಿಯಾದ ದಾರಿಯಲ್ಲಿ ದತ್ತು ಹೋದ ಮಗು 18 ತುಂಬಿದ ಮೇಲೆ ತನ್ನ ಮೂಲ ತಿಳಿಯಲು ಅರ್ಜಿ ಹಾಕಬಹುದು. ಹೆತ್ತವಳ ಗುಟ್ಟು ಕಾಯುತ್ತಲೇ ಉತ್ತರ ಹುಡುಕಲು ಒಂದು ಕಡತ ಇರುತ್ತದೆ. ಬಾಂಡ್ ಕಾಗದ ಯಾರ ಮನೆಯ ಟ್ರಂಕಿನಲ್ಲಿ ಗೆದ್ದಲು ಹಿಡಿಯುತ್ತದೋ.

ಮುಂದಿನ ಭಾನುವಾರ ಮಿಲಿಂದ ರಾಜ ಇದೇ ವೆಸ್ಸಂತರನ ದಾನದ ಬಗ್ಗೆ ನಾಗಸೇನರನ್ನು ಕೇಳಿದ ಭಾಗ ಓದೋಣ. ನಾಗಸೇನರ ಉತ್ತರ ನನಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಪ್ಪಿದವರು ಬಂದು ವಾದ ಮಾಡಿ.